ಎರಡು ಸಲದ ಬಿಡುವು

ನಾಲ್ಕನೆಯ ಸಾಲು ಮುಗಿಯುತ್ತಲೇ ಗಂಡನ ದನಿ ಇವತ್ತೂ ನಿಂತುಹೋಯಿತು. ಜಯಾಬಾಯಿ ಮೊಬೈಲನ್ನೇ ನೋಡುತ್ತ ಕೂತರು. ಪರದೆಯ ಮೇಲೆ ಸಣ್ಣ ಚಕ್ರ ತಿರುಗುತ್ತಲೇ ಇತ್ತು.

ವಿಬುಧೇಂದ್ರಾಚಾರ್ಯರು ತೀರಿಕೊಂಡು ಎರಡು ವರ್ಷ. ಮಾನ್ವಿಯ ಈ ಮನೆಯ ಪಡಸಾಲೆಯಲ್ಲೇ ಅವರು ಕುರ್ಡಿ, ದೇವದುರ್ಗದಿಂದ ಬರುತ್ತಿದ್ದವರಿಗೆ ಸ್ತೋತ್ರಗಳ ಸಂಥಾ ಹೇಳುತ್ತಿದ್ದರು. ಗುರು ಒಂದು ಸಲ ಹೇಳಿದ ಸಾಲನ್ನು ಶಿಷ್ಯರು ಎರಡು ಸಲ ಒಪ್ಪಿಸಬೇಕು. ಕೊನೆಗಾಲದಲ್ಲಿ ಶಿಷ್ಯ ಗುರುಪ್ರಸನ್ನ ಆ ಪಾಠಗಳನ್ನು ಧ್ವನಿಮುದ್ರಿಸಿಕೊಂಡು ಒಂದು ವೆಬ್‌ಸೈಟಿಗೆ ಹಾಕಿದ. ಪ್ರತಿ ಸಾಲಿನ ನಂತರ ಎರಡು ಸಲ ಒಪ್ಪಿಸುವಷ್ಟು ಬಿಡುವು. ಆಚಾರ್ಯರು ಹಠಮಾರಿ. ಮೊಬೈಲಿಗೆ ಇಳಿಸಿಕೊಂಡು ಮರೆತುಬಿಡುವವರಿಗೆ ನನ್ನ ಪಾಠ ಬೇಡ, ದಿನಾ ಬಂದು ಕೇಳಲಿ ಎಂದಿದ್ದರು. ಹಾಗಾಗಿ ಅಲ್ಲಿ ಕೇಳಬಹುದಿತ್ತು, ಇಳಿಸಿಕೊಳ್ಳುವಂತಿರಲಿಲ್ಲ.

ದಿನಾ ಕೇಳುತ್ತಿದ್ದವರು ಹೆಂಡತಿ ಒಬ್ಬರೇ. ಈ ದನಿಯೂ ನಿಂತರೆ ಗಂಡ ಎರಡನೆಯ ಸಲ ಹೋದಂತೆ ಎಂದು ಅವರಿಗೆ ಭಯ.

ಬಸ್‌ಸ್ಟ್ಯಾಂಡಿನ ಹತ್ತಿರದ ರೀಚಾರ್ಜ್ ಅಂಗಡಿಯಲ್ಲಿ ಮುಷರ್ರಫ್ ಮೊಬೈಲನ್ನು ತಿರುವಿ ನೋಡಿದ.

"ಮೊಬೈಲ್ ಚೊಲೋ ಅದರಿ ಅಮ್ಮಾರ. ಈ ಹೊಸ ಪ್ಯಾಕಿನ್ಯಾಗ ಕಂಪನಿಯವರ ಸಿನಿಮಾ, ಹಾಡು ಅಷ್ಟ ಜೋರ್ ಓಡ್ತಾವ. ಉಳಿದದ್ದು ತೆವಳಿಕೋತ ಬರ್ತದ."

ನಲವತ್ತು ವರ್ಷ ಪಾಠ ಹೇಳಿದ ಆಚಾರ್ಯರು ಹೀಗೆ ಉಳಿದದ್ದರ ಲೆಕ್ಕಕ್ಕೆ ಸೇರಿಹೋಗಿದ್ದರು.

"ನನಗ ಸಿನಿಮಾ ಬ್ಯಾಡಪ್ಪಾ. ಅವರ ದನಿ ಒಂದು ಬೇಕು."

"ಎಲ್ಲಾ ಓಡೋ ಪ್ಯಾಕಿಗೆ ಮೂರು ಪಟ್ಟು ಆಗ್ತದರಿ."

"ರೊಕ್ಕ ನಂದು, ಕಿವಿ ನಂದು. ನಾ ಯಾರ್ದು ಕೇಳಬೇಕು ಅನ್ನೋದು ಅವರ್ಯಾಕ ಹೇಳ್ತಾರ?"

"ಎಷ್ಟೋ ಮಂದಿ ನನ್ನ ಮುಂದ ಇದನ್ನ ಕೇಳ್ತಾರರಿ. ನಾ ಹೋಗಿ ಯಾರಿಗೆ ಕೇಳ್ಲಿ?" ಎಂದು ಮುಷರ್ರಫ್ ಮೊಬೈಲ್ ವಾಪಸು ಕೊಟ್ಟ.

ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿ ಜಯಾಬಾಯಿ ಮತ್ತೆ ಪಾಠ ಹಚ್ಚಿದರು. ಆ ಚಕ್ರ ನೋಡುವುದೇ ಬೇಡವೆಂದು ಮೊಬೈಲನ್ನು ಆಚಾರ್ಯರು ಪಾಠಕ್ಕೆ ಕೂರುತ್ತಿದ್ದ ಮಣೆಯ ಮೇಲೆ ಬೋರಲು ಹಾಕಿದರು. ನಾಲ್ಕನೆಯ ಸಾಲು ಬಂತು. ಆಮೇಲೆ ಸದ್ದಿಲ್ಲ.

ಇದು ಅವರು ಬಿಟ್ಟ ಬಿಡುವೋ, ಕಂಪನಿ ತಡೆದದ್ದೋ ಈಗ ತಿಳಿಯುವಂತಿರಲಿಲ್ಲ. ಶಿಷ್ಯರು ಸಾಲು ಮರೆತಾಗ ಆಚಾರ್ಯರು ಬೈಯುತ್ತಿರಲಿಲ್ಲ, ಮುಂದಿನ ಸಾಲಿಗೂ ಹೋಗುತ್ತಿರಲಿಲ್ಲ. ಕಣ್ಣು ಮುಚ್ಚಿ, ಒಪ್ಪಿಸುವವರೆಗೆ ಹಾಗೇ ಕೂತಿರುತ್ತಿದ್ದರು. ಈಗಲೂ ಮಣೆಯ ಮೇಲೆ ಯಾರೋ ಹಾಗೆ ಕೂತು ಕಾಯುತ್ತಿದ್ದಾರೆ ಎಂದು ಜಯಾಬಾಯಿಗೆ ಅನ್ನಿಸಿತು.

ಹೆಂಗಸರು ಸಂಥಾಕ್ಕೆ ಕೂರುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಅಡುಗೆಮನೆಯಿಂದ ಕೇಳಿ ಕೇಳಿ ಅವರಿಗೆ ಎಲ್ಲವೂ ಬಾಯಿಗೆ ಬರುತ್ತಿತ್ತು, ಬಾಯಿ ಮಾತ್ರ ತೆರೆದಿರಲಿಲ್ಲ.

ಮೆಲ್ಲಗೆ ಸಾಲನ್ನು ಒಂದು ಸಲ ಹೇಳಿದರು. ಒಂದು ಅಕ್ಷರ ತಪ್ಪಿತು. ಮಣೆಯ ಮೇಲೆ ಸದ್ದಿಲ್ಲ. ತಿದ್ದಿಕೊಂಡು ಇನ್ನೊಂದು ಸಲ, ಗಟ್ಟಿಯಾಗಿ ಹೇಳಿದರು.

ಬೋರಲು ಬಿದ್ದ ಮೊಬೈಲಿನಿಂದ ಐದನೆಯ ಸಾಲು ಬಂತು.

ಜಯಾಬಾಯಿ ಸೆರಗು ಹೊದ್ದು, ಬೆನ್ನು ನೆಟ್ಟಗೆ ಮಾಡಿ ಕೂತರು.