ಬೆರಳಿಗೆ ಬಿಡದ ಜಾಗ

ಅಪ್ಪ ಸತ್ತ ಮೇಲೆ ಅಣ್ಣ ನನ್ನನ್ನು ಬೂಟಿನ ಅಂಗಡಿಯಿಂದ ಹೊರಗೆ ಹಾಕಿದ. "ಹೆಂಗಸು ಕೂತ್ರೆ ಗಿರಾಕಿ ಒಳಗೆ ಬರಲ್ಲ," ಎಂದ. ಅಮ್ಮ ಅವನ ಮನೆಯಲ್ಲೇ ಉಳಿದಳು. ಆದರೆ ಬೂಟು ಹೊಲಿಯಲು ಮೊದಲು ಮರದ ಅಚ್ಚು ಬೇಕು, ಅಚ್ಚು ಕೆತ್ತುವುದನ್ನು ಅಪ್ಪ ಕಲಿಸಿದ್ದು ನನಗೊಬ್ಬಳಿಗೆ. ಅಣ್ಣ ಹುಟ್ಟಾ ಗಲ್ಲಾಪೆಟ್ಟಿಗೆಯ ಭಕ್ತ. ಹಾಗಾಗಿ ಹೊರಗೆ ಹಾಕಿದವನೇ ಗಿರಾಕಿಗಳ ಪಾದದ ಅಳತೆಯ ಚೀಟಿ ಹಿಡಿದು ನನ್ನ ಬಾಡಿಗೆ ಕೋಣೆಗೆ ಬಂದ.

ಮೊದಲ ಸಲ ನಾನು ನೆಟ್ಟಗೇ ಕೇಳಿದೆ. "ಬೆರಳ ಮುಂದೆ ಎಷ್ಟು ಬಿಡ್ಲಿ?"

"ಏನು ಬಿಡೋದು? ಅಳತೆ ಎಷ್ಟಿದೆಯೋ ಅಷ್ಟೇ ಕೆತ್ತು. ನಿನ್ನ ಬುದ್ಧಿ ಸೇರಿಸ್ಬೇಡ."

ಅಚ್ಚು ಎಂದರೆ ಪಾದದ ಪಡಿಯಚ್ಚಲ್ಲ. ನಡೆಯುವಾಗ ಪಾದ ಮುಂದಕ್ಕೆ ಜಾರುತ್ತದೆ, ಅದಕ್ಕೆ ಬೆರಳ ಮುಂದೆ ಒಂದಿಷ್ಟು ಜಾಗ ಬಿಡಬೇಕು. ಹಿಮ್ಮಡಿಯ ಹತ್ತಿರ ಮಾತ್ರ ಪಾದಕ್ಕಿಂತ ಸಣ್ಣಗೆ ಕೆತ್ತಬೇಕು, ಇಲ್ಲದಿದ್ದರೆ ಬೂಟು ಕಳಚಿಕೊಂಡು ಉಜ್ಜುತ್ತದೆ. ಇಷ್ಟು ಹೇಳಲು ಎಷ್ಟು ಹೊತ್ತು? ಹೇಳಲಿಲ್ಲ. ಅಪ್ಪಣೆ ಒಡೆಯಾ ಎಂದುಕೊಂಡು, ಕೂದಲೆಳೆಯಷ್ಟೂ ತಪ್ಪದ ಹಾಗೆ ಅವನ ಅಳತೆಗೇ ಕೆತ್ತಿಕೊಟ್ಟೆ. ಅವನು ನನ್ನ ಹೊಸ್ತಿಲಲ್ಲಿ ನಿಂತು ನೀನಿಲ್ಲದೆ ಅಂಗಡಿ ನಡೆಯಲ್ಲ ಎನ್ನಬೇಕು, ನನಗೆ ಬೇಕಾಗಿದ್ದು ಅಷ್ಟೇ.

ಕೆಲವೇ ವಾರಗಳಲ್ಲಿ ಗಿರಾಕಿಗಳು ಕುಂಟತೊಡಗಿದರು. ಉಗುರು ಕಪ್ಪಾದವರು, ಹಿಮ್ಮಡಿ ಸುಲಿದವರು ಬೂಟನ್ನು ಅಣ್ಣನ ಮೇಜಿನ ಮೇಲೇ ಕುಕ್ಕಿ ಹೋದರಂತೆ. ಮಾಡಿದ್ದುಣ್ಣೋ ಮಹರಾಯ ಎಂದೆ. ಹೊಟ್ಟೆ ತಣ್ಣಗಾಯಿತು.

ಒಂದು ಮಧ್ಯಾಹ್ನ ಬಾಗಿಲಲ್ಲಿ ನೆರಳು ಬಿತ್ತು. ಅಣ್ಣನೇ ಬಂದ ಎಂದು ಉಳಿ ಕೆಳಗಿಟ್ಟೆ. ಬಂದವಳು ಅಮ್ಮ, ಗೋಡೆ ಹಿಡಿದುಕೊಂಡು. ಸ್ಟೂಲಿನ ಮೇಲೆ ಕೂತು ಹೊಸ ಬೂಟು ಬಿಚ್ಚಿದಳು. ಹೆಬ್ಬೆರಳ ಉಗುರು ಎದ್ದು ಬಂದಿತ್ತು. ಅಣ್ಣ ತಂದಿದ್ದ ಚೀಟಿಗಳಲ್ಲಿ ಅವಳದೂ ಒಂದಿತ್ತು, ನನಗೆ ಗೊತ್ತಾಗಿರಲಿಲ್ಲ.

"ಕಾಲಿಟ್ಟ ತಕ್ಷಣ ತಿಳೀತು ಕಣೇ, ನೀನು ಬೇಕಂತಲೇ ಮಾಡಿದ್ದು ಅಂತ. ನಿಮ್ಮಪ್ಪನ ಜೊತೆ ಬಾಳಿದವಳು ನಾನು."

"ಅಣ್ಣನಿಗೆ ಹೇಳಿದ್ಯಾ?"

"ಇಲ್ಲ."

"ಮತ್ತೆ ಯಾಕಮ್ಮಾ ಹಾಕ್ಕೊಂಡು ತಿರುಗ್ತೀಯ?"

"ಅವನು ನಿನ್ನ ಹೊರಗೆ ಹಾಕಿದಾಗ ನಾನೂ ಬಾಯಿ ಮುಚ್ಕೊಂಡು ನಿಂತಿದ್ದೆ. ಇದು ನನ್ನ ಪಾಲಿಂದು."

ಅಮ್ಮ ಹಲ್ಲು ಕಚ್ಚಿ ಕಾಲನ್ನು ಮತ್ತೆ ಬೂಟಿನೊಳಗೆ ತುರುಕಿದಳು, ಎದ್ದು ಹೊರಟಳು. ಓಡಿ ಹೋಗಿ ತಡೆಯಬೇಕಿತ್ತು. ತಡೆಯಲಿಲ್ಲ. ಅವಳು ಹೇಳಿದ್ದು ಸರಿ ಎಂದೇ ನನಗೂ ಅನಿಸಿತು.