ಅಚ್ಚಿನೊಳಗಿನ ಹಳದಿ ನೂಲು

ಗಂಡ ಕರ್ಟ್ ಬಿಟ್ಟುಹೋಗಿದ್ದ ಕೋಟನ್ನು ಕೋಳಿ ಮೇವಿನ ಚೀಲದಲ್ಲಿ ತುಂಬಿಕೊಂಡು ಆರ್ಡಿಸ್, ಮಿಲೋ ಹ್ರೂಸ್ಕಾ ಎಂಬವನ ಬಾಗಿಲು ತಟ್ಟಿದಾಗ ಬೆಳಗಿನ ಒಂಬತ್ತು ಗಂಟೆ. ಮಧ್ಯಾಹ್ನ ಎರಡಕ್ಕೆ ಕೋರ್ಟು. ಕರ್ಟ್ ಅವಳ ಹತ್ತಿರ ಸುಳಿಯಕೂಡದೆಂಬ ಆದೇಶಕ್ಕೆ ಅಂದೇ ವರ್ಷ ತುಂಬುತ್ತಿತ್ತು. ಮುಂದುವರಿಸಬೇಕಾದರೆ ಹೊಸ ಪುರಾವೆ ತರಬೇಕೆಂದು ನ್ಯಾಯಾಧೀಶರು ಹೇಳಿದ್ದರು. ಹಳೆಯ ಪುರಾವೆ ಅವಳ ಬಲ ಮಣಿಕಟ್ಟಿನಲ್ಲೇ ಇತ್ತು, ಎರಡು ಕಡೆ ಮುರಿದು ಸೊಟ್ಟಗೆ ಕೂಡಿಕೊಂಡ ಮೂಳೆ. ಅದು ಕಳೆದ ವರ್ಷದ್ದಂತೆ. ಅದರ ವಾಯಿದೆ ಮುಗಿಯಿತಂತೆ. ಹೆದರಿಕೆಗೆ ವಾಯಿದೆ ಬರೆದವರು ಯಾರೋ, ಅವರ ಮಣಿಕಟ್ಟು ನೆಟ್ಟಗಿದ್ದಿರಬೇಕು.

'ಫೋನ್ ಮಾಡಿದ್ರೆ ಬರ್ತೀವಮ್ಮ, ಇಲ್ಲ ಅನ್ನಲ್ಲ. ಆದ್ರೆ ನಿಮ್ಮನೆಗೆ ನಲವತ್ತು ನಿಮಿಷ ಹಿಡಿಯತ್ತೆ. ಒಂದು ಪಿಸ್ತೂಲು ಇಟ್ಕೊಳ್ಳಿ' ಎಂದಿದ್ದ ಪೊಲೀಸಿನವನು. ಚರ್ಚಿನ ಪಾದ್ರಿಯೂ ಅದನ್ನೇ ಹೇಳಿದ, ದನಿ ಮಾತ್ರ ಮೆತ್ತಗೆ. ಆರ್ಡಿಸ್ ಕೆಲಸ ಮಾಡುವ ಶಾಲೆಯ ಅಡುಗೆಮನೆಯಲ್ಲಿ ದಾಲ್ಚಿನ್ನಿ ರೋಲಿನ ಹಿಟ್ಟು ನಾದುತ್ತಾ ಹೆಂಗಸರು ಅವಳ ಪರವಾಗಿ ಜಗಳವನ್ನೇ ಆಡಿದ್ದರು. 'ತ್ರೀ-ಎಯ್ಟಿ ಗುಂಡು ಅಂದ್ರೆ ಸೊಳ್ಳೆ ಹೊಡೆಯೋಕೆ ಲಾಯಕ್ಕು. ನೈನ್ ಎಂಎಂ ತಗೋ.' 'ನೈನಾ? ಇವಳ ಕೈಗಾ? ಸಾರಿನ ಪಾತ್ರೆ ಎತ್ತೋಕೇ ನನ್ನ ಕರೀತಾಳೆ!' ನಕ್ಕರು, ಅವಳೂ ನಕ್ಕಳು. ಯಾವ ಗುಂಡು ಎಂಬುದಕ್ಕೆ ಊರಿಗೆ ಊರೇ ಬಾಯಿ ತೆರೆದಿತ್ತು. ಕರ್ಟ್‌ನ ಮನೆ ಬಾಗಿಲಿಗೆ ಹೋಗಿ 'ಯಾಕಯ್ಯ ಹೀಗೆ?' ಎಂದು ಕೇಳಲು ಮಾತ್ರ ಒಬ್ಬರಿಗೂ ಬಾಯಿ ಬಂದಿರಲಿಲ್ಲ.

ಮಿಲೋ ಜಿಲ್ಲೆಯ ಇನ್ನೊಂದು ಮೂಲೆಯವನು. ನಲವತ್ತು ವರ್ಷ ಹಂದಿ, ದನ ಕೊಯ್ದ ಕಸಾಯಿ. ಅಂಗಡಿ ಮುಚ್ಚಿದ ಮೇಲೆ ಅದೇ ಶೀತಲ ಕೋಣೆಯಲ್ಲಿ ಹಂದಿ ಚರ್ಮದ ಜಿಲೆಟಿನ್ ಕರಗಿಸಿ ದಿಂಬಿನಷ್ಟು ದಪ್ಪದ, ಹದಿನಾರು ಅಂಗುಲ ಉದ್ದದ ಅಚ್ಚುಗಳನ್ನು ಎರೆಯುತ್ತಿದ್ದ. ಮನುಷ್ಯನ ಮಾಂಸದಷ್ಟೇ ಮೆತ್ತಗಿನ, ಗಾಜಿನಂತೆ ಒಳಗೆಲ್ಲ ಕಾಣುವ ಅಚ್ಚು. ಅದಕ್ಕೆ ಗುಂಡು ಹೊಡೆದು, ಎಷ್ಟು ಆಳ ಹೋಯಿತು, ಮೂತಿ ಎಷ್ಟು ಅರಳಿತು ಎಂದು ಅಳೆದು ಹೇಳುವುದು ಅವನ ಕಸುಬು. ಬಂದೂಕಿನ ಅಂಗಡಿಯವರ ಮಾತಿಗಿಂತ ಮಿಲೋನ ಅಳತೆ ಮೇಲು ಎಂದು ಜನ ದೂರದಿಂದ ಬರುತ್ತಿದ್ದರು.

ಆರ್ಡಿಸ್ ಚೀಲದಿಂದ ಕೋಟು ತೆಗೆದಳು. ಕಂದು ಕ್ಯಾನ್ವಾಸ್, ಒಳಗೆ ದಪ್ಪ ಅಸ್ತರು, ಕಾಲರಿಗೆ ಮೆತ್ತಿದ ಗ್ರೀಸು. 'ಇದನ್ನು ಹಾಕ್ಕೊಂಡಿರೋನಿಗೆ ಯಾವುದು ನಾಟತ್ತೆ ಅಂತ ಗೊತ್ತಾಗ್ಬೇಕು' ಎಂದಳು.

ಮಿಲೋ ಕೋಟನ್ನು ಕೈಯಲ್ಲಿ ತೂಗಿ ನೋಡಿದ. ಯಾರದು ಎಂದು ಕೇಳಲಿಲ್ಲ. 'ಬುದ್ಧಿವಂತೆ ಕಣೇ ಮಗಳೇ ನೀನು. ಜನ ಬರೀ ಅಚ್ಚಿಗೆ ಹೊಡೆದು ಖುಷಿಪಟ್ಕೊಂಡು ಹೋಗ್ತಾರೆ. ಫೆಬ್ರವರಿಯಲ್ಲಿ ಬರಿಮೈಯಲ್ಲಿ ಯಾವನು ಬರ್ತಾನೆ?'

ಹಿತ್ತಲಲ್ಲಿ ಮಣ್ಣಿನ ದಿಬ್ಬ. ಅದರ ಮುಂದೆ ಮೇಜಿನ ಮೇಲೆ ಅಚ್ಚನ್ನಿಟ್ಟು ಮಿಲೋ ಕೋಟಿನ ಎದೆಭಾಗವನ್ನು ಬಿಗಿಯಾಗಿ ಹೊದಿಸಿದ. ಖಾಲಿ ತೋಳುಗಳು ಎರಡೂ ಬದಿಗೆ ಇಳಿಬಿದ್ದವು. ಗಾಳಿಗೆ ಬಲತೋಳು ಒಂದಿಷ್ಟು ಎದ್ದು ಮತ್ತೆ ಕೆಳಗಾಯಿತು. ಆ ತೋಳು ಏಳುವ ರೀತಿ ಆರ್ಡಿಸ್‌ಗೆ ಗೊತ್ತಿತ್ತು. ಅವಳ ಹೆಜ್ಜೆ ತಾನಾಗಿಯೇ ಹಿಂದಕ್ಕೆ ಹೋಯಿತು.

'ಬಟ್ಟೆ ಕಣೇ ಅದು' ಎಂದ ಮಿಲೋ. 'ತಗೋ, ಮೊದಲು ನೈನ್.'

ಅಂಗೈಯಗಲದ ಪಿಸ್ತೂಲು. ಅವಳು ಟ್ರಿಗರ್ ಎಳೆದಳು. ಸದ್ದಿಗಿಂತ ಮುಂಚೆ ನೋವು ಬಂತು. ಮಣಿಕಟ್ಟು ಒದೆತಕ್ಕೆ ಬಾಗಿ, ಗುಂಡಿನ ಖಾಲಿ ತೋಟೆ ಹೊರಬೀಳದೆ ಪಿಸ್ತೂಲಿನ ಬಾಯಲ್ಲೇ ಕಚ್ಚಿಕೊಂಡು ನಿಂತಿತು.

ಮಿಲೋ ಅಳೆದ. 'ಹದಿನಾಲ್ಕು ಅಂಗುಲ. ಹೂವಿನ ಹಾಗೆ ಅರಳಿದೆ ಗುಂಡು. ಒಳ್ಳೇ ಗುಂಡು, ಆದ್ರೆ ನಿನಗಲ್ಲ. ಕೈ ಗಟ್ಟಿ ನಿಲ್ಲದಿದ್ರೆ ಇದು ಸಿಕ್ಕಿಹಾಕ್ಕೊಳತ್ತೆ. ಎರಡನೇ ಗುಂಡು ನಿನಗೆ ಹುಟ್ಟೋದೇ ಇಲ್ಲ. ಮಣಿಕಟ್ಟಿಗೆ ಏನಾಗಿತ್ತು?'

'ಬಾಗಿಲು.'

'ಬಾಗಿಲುಗಳು ಭಾರಿ ಕೆಟ್ಟವು ಈ ಜಿಲ್ಲೇಲಿ' ಎಂದ ಮಿಲೋ, ಮುಖ ನೋಡದೆ.

ಆಮೇಲೆ ತ್ರೀ-ಎಯ್ಟಿ. ಒದೆತ ಅರ್ಧ. ಮೂತಿ ಟೊಳ್ಳಾದ ಗುಂಡನ್ನು ಮಿಲೋ ತಾನೇ ಎರಡು ಸಲ ಹಾರಿಸಿದ. ಒಂದು ಬೇಗ ಅರಳಿ ಒಂಬತ್ತು ಅಂಗುಲಕ್ಕೇ ನಿಂತಿತು. ಇನ್ನೊಂದರ ಟೊಳ್ಳಿನಲ್ಲಿ ಕ್ಯಾನ್ವಾಸು ತುಂಬಿಕೊಂಡು, ಅರಳದೆ, ಅಚ್ಚನ್ನೇ ದಾಟಿ ದಿಬ್ಬಕ್ಕೆ ಹೋಯಿತು.

'ನೋಡು. ಅದೇ ಡಬ್ಬಿ, ಅದೇ ಕೋಟು, ಉತ್ತರ ಎರಡು. ಒಂದು ಸಾಲದು. ಇನ್ನೊಂದು ಅವನನ್ನೂ ದಾಟಿ ಪಕ್ಕದ ಮನೆಗೂ ಹೋಗತ್ತೆ.' ಅವನು ಇನ್ನೊಂದು ಡಬ್ಬಿ ಒಡೆದ. ಈ ಗುಂಡುಗಳ ಟೊಳ್ಳಿಗೆ ಕೆಂಪು ರಬ್ಬರಿನಂಥ ಮೆತ್ತನೆ ಬಿರಡೆ ಹಾಕಿತ್ತು. 'ಬಟ್ಟೆ ತುಂಬೋಕೆ ಜಾಗ ಇರಬಾರದು ಅಂತ. ಇದನ್ನ ನೀನೇ ಹೊಡಿ.'

ಅವಳು ಹೊಡೆದಳು. ಪಿಸ್ತೂಲು ಸಿಕ್ಕಿಕೊಳ್ಳಲಿಲ್ಲ. ಹನ್ನೆರಡು ಅಂಗುಲ.

'ಹನ್ನೆರಡಕ್ಕೆ ಕಡಿಮೆ ಆಗಬಾರದು ಅನ್ನೋದು ಲೆಕ್ಕ. ಎದೆಯ ಎಡಕ್ಕೇ ಕೂತಿದೆ ನೋಡು. ನಿನಗೆ ಇದೇ. ನೀನು ನಾಟಿಸೋಕಾಗೋ ಚಿಕ್ಕ ಗುಂಡು, ನಾಟಿಸೋಕಾಗದೆ ಇರೋ ದೊಡ್ಡದಕ್ಕಿಂತ ದೊಡ್ಡದು ಕಣೇ.' ಅವನ ದನಿಯಲ್ಲಿ ಪಾಠ ಹೇಳಿ ಮುಗಿಸಿದ ಮೇಷ್ಟ್ರ ತೃಪ್ತಿಯಿತ್ತು.

ಅಚ್ಚನ್ನು ಒಳಗಿಡಲು ಅವಳೂ ಒಂದು ತುದಿ ಹಿಡಿದಳು. ಶೀತಲ ಕೋಣೆಯಲ್ಲಿ ಒಂದೇ ದೀಪ. ಒಂದು ಕಾಲಕ್ಕೆ ಮಾಂಸವಿಡುತ್ತಿದ್ದ ಹಲಗೆಗಳ ಮೇಲೆ ಅಚ್ಚುಗಳ ಸಾಲು. ಪ್ರತಿಯೊಂದರ ನಡುವೆ ಗುಂಡೊಂದು ಆಸರೆಯಿಲ್ಲದೆ ತೇಲುತ್ತಿತ್ತು. ಹಿಂದೆ ಅದು ಬಂದ ದಾರಿ, ಒಡೆದ ಗಾಜಿನಂತೆ ಬಿರಿದ ದಾರಿ, ಹೊಳೆಯುತ್ತಿತ್ತು. ಚೀರಿದ್ದನ್ನು ಅರ್ಧಕ್ಕೆ ಹಿಡಿದು ನಿಲ್ಲಿಸಿದಂತಿತ್ತು ಆ ಕೋಣೆ.

ಮೂರನೆಯ ಹಲಗೆಯ ಅಚ್ಚಿನೊಳಗೆ ದಾರಿಯುದ್ದಕ್ಕೂ ಹಳದಿ ನೂಲು ಎಳೆದುಕೊಂಡು ಹೋಗಿತ್ತು. ಸಾಸಿವೆಯ ಹಳದಿ. ಗುಂಡಿನ ಮೂತಿಗೆ ಅಂಟಿಕೊಂಡಂತೆ ಬೆರಳುಗುರಿನಷ್ಟು ಬಟ್ಟೆ, ಬಿಳಿಯ ಮೇಲೆ ನೀಲಿ ಹೂ.

ಆರ್ಡಿಸ್ ಹಿಡಿದಿದ್ದ ತುದಿ ಜಾರಿತು. ಮಿಲೋ ಬೈದುಕೊಂಡು ಅಚ್ಚನ್ನು ಹಲಗೆಗೆ ನೂಕಿದ. ಅವಳಿಗೆ ಅದು ಕೇಳಿಸಲಿಲ್ಲ.

ಜನವರಿಯಲ್ಲಿ ಚರ್ಚಿನ ಚಿಲಿ ಸಾರಿನ ಊಟದ ದಿನ ಅವಳ ಹಳದಿ ಉಣ್ಣೆಯ ಕೋಟು ಅಲ್ಲಿ ನೇತುಹಾಕಿದ್ದ ಮೊಳೆಯಿಂದ ಕಾಣೆಯಾಗಿತ್ತು. ಊಟದ ದಿನ ಕೋಟು ಅದಲುಬದಲಾಗುವುದು ಹೊಸದಲ್ಲ. ಮುಂದಿನ ಭಾನುವಾರ ಅವರವರದು ಅವರವರಿಗೆ ಮರಳುತ್ತದೆ. ಚರ್ಚಿನ ಹೆಂಗಸರು ವಾರದ ಹಾಳೆಯಲ್ಲಿ ಹಾಕಿದ್ದರು: 'ಹಳದಿ ಕೋಟನ್ನು ತಪ್ಪಿ ಒಯ್ದ ಸಹೋದರಿ ದಯವಿಟ್ಟು ಮರಳಿಸಬೇಕು.' ಯಾವ ಸಹೋದರಿಯೂ ಮರಳಿಸಿರಲಿಲ್ಲ. ಅದರ ಅಸ್ತರು ಹರಿದಾಗ ಅಮ್ಮ ಹೊಸದು ಹೊಲಿದದ್ದು ಮನೆಯ ಅಡುಗೆಮನೆ ಕಿಟಕಿಗೆ ಪರದೆ ಹೊಲಿದು ಮಿಕ್ಕ ಬಟ್ಟೆಯಿಂದ. ಬಿಳಿಯ ಮೇಲೆ ನೀಲಿ ಹೂ.

ಅಚ್ಚಿನ ಪಕ್ಕಕ್ಕೆ ಮಿಲೋನ ಕೈಬರಹದ ಚೀಟಿ: ಜನವರಿ ಹತ್ತೊಂಬತ್ತು, ನೈನ್ ಎಂಎಂ, ಹೆಂಗಸರ ಉಣ್ಣೆ ಕೋಟು, ಹದಿನೈದು ಅಂಗುಲ.

'ಇದು ಯಾರು ಹೊಡೆಸಿದ್ದು?'

'ಗಿರಾಕಿ ವಿಷಯ ನಾನು ಹೇಳಲ್ಲಮ್ಮ.'

'ಬಲಗೈ ಉಂಗುರದ ಬೆರಳು ಅರ್ಧ ಇತ್ತಾ?'

ಮಿಲೋ ಚೀಟಿಯನ್ನು ಅಂಗೈಯಿಂದ ಮುಚ್ಚಿದ. ಮೆಕ್ಕೆಜೋಳ ಬಿಡಿಸುವ ಯಂತ್ರ ಕರ್ಟ್‌ನ ಆ ಬೆರಳನ್ನು ಮದುವೆಯ ವರ್ಷವೇ ಕಚ್ಚಿಕೊಂಡಿತ್ತು.

'ಹೆಂಗಸಿನ ಕೋಟು ತಂದಾಗ ಯಾಕೆ ಅಂತ ಕೇಳಲಿಲ್ವಾ ನೀವು?'

'ನಿನ್ನನ್ನೂ ಕೇಳಲಿಲ್ಲವಲ್ಲೇ! ನೀನು ಗಂಡಸಿನ ಕೋಟು ತಂದೆ, ನಾನು ಹೊದಿಸಿ ಹೊಡೆದೆ. ಅವನೂ ನಿನ್ನ ಹಾಗೇ ಕೇಳಿದ, ಇದನ್ನ ಹಾಕ್ಕೊಂಡಿರೋಳಿಗೆ ಯಾವುದು ನಾಟತ್ತೆ ಅಂತ. ಒಳ್ಳೇ ಮಾತಿನವನು. ಕಾಫಿ ಕುಡಿದು ಹೋದ.'

'ಎರಡಕ್ಕೆ ಕೋರ್ಟಿದೆ, ಬಂದು ಇದನ್ನೇ ಹೇಳಿ. ಅದು ನನ್ನ ಕೋಟು, ಮಿಲೋ. ಅದರೊಳಗೆ ನಾನಿರ್ತೀನಿ.'

ಕೋಣೆಯ ಯಂತ್ರ ಗುರುಗುಟ್ಟುತ್ತಿತ್ತು. ಮಿಲೋ ಒಂದೊಂದೇ ಹಲಗೆ ನೋಡಿದ, ತನ್ನ ಅಚ್ಚುಗಳನ್ನು ಮೊದಲ ಸಲ ನೋಡುವವನಂತೆ. ಎಷ್ಟು ಬಟ್ಟೆಗಳು ಇಲ್ಲಿಗೆ ಬಂದಿದ್ದವು, ಅದರೊಳಗಿನವರು ಈಗ ಎಲ್ಲಿದ್ದಾರೆ, ಅವನ ಚೀಟಿಗಳಲ್ಲಿ ಅದಕ್ಕೆ ಜಾಗವಿರಲಿಲ್ಲ. ಅಂಗುಲಗಳಿದ್ದವು.

'ನನಗೆ ಕೋರ್ಟಿಗೆ ಹೋಗೋಕೆ ಆಗಲ್ಲ' ಎಂದ ಕಡೆಗೆ. 'ನನ್ನ ಕಸುಬು ಹೋಗತ್ತೆ.'

'ನೀವು ಬರಬೇಡಿ. ಇದನ್ನ ಕೊಡಿ. ಚೀಟಿ ಮೇಲೆ ಸಹಿ ಹಾಕಿ.'

ಅವನು ಮಾಂಸ ಸುತ್ತುವ ಕಾಗದದಲ್ಲಿ ಅಚ್ಚನ್ನು ಸುತ್ತಿದ. ಕಾಗದದ ಮೇಲೆ ತಾರೀಖು, ಅರ್ಧ ಬೆರಳಿನವನ ವಿವರ, ಸಹಿ. 'ಬಿಸಿ ತಾಗಿದ್ರೆ ಕರಗತ್ತೆ, ಕಾರಿನ ಹೀಟರು ಹಾಕಬೇಡ' ಎಂದ. ತ್ರೀ-ಎಯ್ಟಿಯನ್ನೂ ಕೆಂಪು ಮೂತಿಯ ಗುಂಡಿನ ಡಬ್ಬಿಯನ್ನೂ ಅವಳ ಕೈಗಿತ್ತ.

ಹೊರಗೆ ಹಿಮ ಗಟ್ಟಿಯಾಗಿತ್ತು. ಹೀಟರಿಲ್ಲ, ಅವಳಿಗೆ ಕೋಟೂ ಇಲ್ಲ. ಕೊನೆಗೆ ಕರ್ಟ್‌ನದನ್ನೇ ತೊಟ್ಟಳು. ನಾಲ್ಕು ತೂತುಗಳಿಂದ ಗಾಳಿ ನೇರ ಎದೆಗೆ ಬಂತು. ಪಕ್ಕದ ಸೀಟಿನಲ್ಲಿ ಅಚ್ಚಿಗೆ ಬೆಲ್ಟು ಹಾಕಿದ್ದಳು. ರಸ್ತೆಯ ಪ್ರತಿ ಕುಲುಕಿಗೂ ಅದು ಉಸಿರಾಡುವಂತೆ ಅಲುಗುತ್ತಿತ್ತು. ದಾರಿಯಲ್ಲಿ ಮನೆಗೆ ಹೋಗಿ, ಅಡುಗೆಮನೆಯ ಕಿಟಕಿಯಿಂದ ಪರದೆ ಕಿತ್ತುಕೊಂಡು ಹೊರಟಳು.

ಕೋರ್ಟಿನಲ್ಲಿ ಕರ್ಟ್ ಇಸ್ತ್ರಿ ಅಂಗಿ ತೊಟ್ಟು ವಕೀಲನ ಪಕ್ಕ ಕೂತಿದ್ದ. ಅವಳು ಒಳಬಂದಾಗ ಅವನು ಅವಳ ಮುಖ ನೋಡಲಿಲ್ಲ. ಕೋಟು ನೋಡಿದ. ತುಟಿ ಸದ್ದಿಲ್ಲದೆ ಅಲುಗಿತು: ಒಂದು, ಎರಡು, ಮೂರು, ನಾಲ್ಕು. ಆಮೇಲೆ ಮುಗುಳ್ನಕ್ಕ.

'ಗುಂಡು ಪರೀಕ್ಷೆ ಮಾಡಿಸೋದು ಅಪರಾಧ ಅಲ್ಲ' ಎಂದ ವಕೀಲ. 'ಅದು ಸರಿ' ಎಂದರು ನ್ಯಾಯಾಧೀಶರು. ಅಚ್ಚು ಮೇಜಿನ ಮೇಲೆ ಬೆವರುತ್ತಿತ್ತು. ಅವರು ಪರದೆಯನ್ನು ಅದರ ಪಕ್ಕ ಹಿಡಿದು, ನೀಲಿ ಹೂವನ್ನು ನೀಲಿ ಹೂವಿಗೆ ತಾಳೆ ಹಾಕಿದರು. ಮಿಲೋಗೆ ಫೋನ್ ಹಚ್ಚಿಸಿದರು. ಮಿಲೋ 'ಹೌದು' ಎಂದ. ಒಂದೇ ಮಾತು. ಹಾಗಾದರೆ ಚರ್ಚಿನ ಊಟದ ದಿನ ಈ ಮನುಷ್ಯ ಇವಳ ಕೋಟಿನ ಮೊಳೆಯವರೆಗೆ ಬಂದಿದ್ದಾನೆ. ಆದೇಶ ಮೀರಿದ್ದಾನೆ ಎಂದು ನ್ಯಾಯಾಧೀಶರು ತೀರ್ಮಾನಿಸಿದರು.

ಕೊಲ್ಲಲು ಅಳತೆ ತೆಗೆಸಿಕೊಂಡದ್ದಕ್ಕೆ ಕಾನೂನಿನ ನಿದ್ದೆ ಕೆಡಲಿಲ್ಲ. ಕೋಟು ಕದ್ದದ್ದಕ್ಕೆ ಅದು ಕಣ್ಣುಬಿಟ್ಟಿತು. ಆದೇಶ ಇನ್ನೊಂದು ವರ್ಷ. ಬಂದೂಕುಗಳನ್ನೆಲ್ಲ ಒಪ್ಪಿಸತಕ್ಕದ್ದು. ಕರ್ಟ್ ತನ್ನ ಗಾಡಿಯಿಂದಲೇ ಮೂರನ್ನು ತೆಗೆದು ಪೊಲೀಸಿನವನಿಗೆ ಕೊಟ್ಟ. ಎರಡು ರೈಫಲ್ಲು, ಒಂದು ಬೇಟೆ ಕೋವಿ.

'ನೈನ್ ಎಂಎಂ?' ಎಂದಳು ಆರ್ಡಿಸ್.

'ಮಾರಿದೆ ಅಂತಾನಮ್ಮ. ಬರ್ಕೊಂಡಿದೀನಿ' ಎಂದ ಪೊಲೀಸಿನವನು. ಅಚ್ಚನ್ನು ಕೋರ್ಟಿನ ಫ್ರಿಜ್ಜಿನಲ್ಲಿ ಗುಮಾಸ್ತರ ಊಟದ ಡಬ್ಬಿಗಳ ನಡುವೆ ಇಟ್ಟರು. ಪರದೆಯೂ ಪುರಾವೆಯಂತೆ. ಅದನ್ನೂ ಇಟ್ಟುಕೊಂಡರು.

ಮನೆಗೆ ಬಂದಾಗ ಸೂರ್ಯ ಹೊಲದ ಅಂಚಿಗೆ ತಾಗಿದ್ದ. ಅಡುಗೆಮನೆಯ ಕಿಟಕಿ ಬೋಳಾಗಿತ್ತು. ಹೊರಗಿನ ಬಯಲಿಗೆ ಒಲೆ, ಕುರ್ಚಿ, ಅವಳು, ಎಲ್ಲವೂ ಕಾಣುತ್ತಿದ್ದವು. ಮುಚ್ಚಲು ಕೈಗೆ ಸಿಕ್ಕಿದ್ದು ಮೈಮೇಲಿನ ಕೋಟು. ಗುಂಡಿ ಬಿಚ್ಚಿ, ಎದೆಭಾಗವನ್ನು ಕಿಟಕಿಯಗಲಕ್ಕೆ ಹರಡಿ, ಮೇಲೆ ಎರಡು ಮೊಳೆ ಹೊಡೆದಳು. ತೋಳು ಎರಡೂ ಬದಿಗೆ ಇಳಿಬಿದ್ದವು.

ಇಳಿಬಿಸಿಲು ತೂತುಗಳಿಂದ ತೂರಿ ಎದುರಿನ ಗೋಡೆಯ ಮೇಲೆ ನಾಲ್ಕು ಚುಕ್ಕೆಗಳಾಯಿತು. ಅವಳು ಕೂತು ಒಂದೊಂದೇ ಕೆಂಪು ಮೂತಿಯ ಗುಂಡನ್ನು ಪಿಸ್ತೂಲಿಗೆ ತುಂಬಿದಳು. ಆರು. ತಲೆಯೆತ್ತಿದಾಗ ಗೋಡೆಯ ಮೇಲೆ ಮೂರೇ ಚುಕ್ಕೆ.

ಮೊದಲನೆಯದು ಮತ್ತೆ ಹೊತ್ತಿಕೊಂಡಿತು. ಎರಡನೆಯದು ಆರಿತು. ಹೊರಗೆ ಹಿಮ ಕರಕರ ಎಂದಿತು, ಒಂದು ಹೆಜ್ಜೆಯಷ್ಟು. ಎರಡನೆಯದು ಹೊತ್ತಿ ಮೂರನೆಯದು ಆರಿತು. ಯಾರೋ ಅವಸರವಿಲ್ಲದೆ ಎಣಿಸುತ್ತಿದ್ದರು.

ಅವಳು ಪೊಲೀಸಿಗೆ ಫೋನು ಒತ್ತಿ ಮೇಜಿನ ಮೇಲಿಟ್ಟಳು. ಕುರ್ಚಿ ಬಿಟ್ಟು ಒಲೆಯ ಪಕ್ಕದ ಗೋಡೆಗೆ ಸರಿದಳು. ಎಡಗೈಯಿಂದ ಸೊಟ್ಟ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು ಪಿಸ್ತೂಲೆತ್ತಿದಳು. ಮೇಜಿನ ಮೇಲಿನ ದನಿ ವಿಳಾಸ ಕೇಳಿತು, ಅವಳು ಹೇಳಿದಳು. 'ನಲವತ್ತು ನಿಮಿಷ ಆಗಬಹುದು, ಲೈನಲ್ಲೇ ಇರಿ ಮೇಡಂ' ಎಂದಿತು ದನಿ.

ಗೋಡೆಯ ಮೇಲೆ ಮೂರು ಚುಕ್ಕೆಗಳು ಉರಿಯುತ್ತಿದ್ದವು. ನಾಲ್ಕನೆಯದು, ಅವಳೇ ಕೈಯಾರೆ ಕೊರೆದ ಹನ್ನೆರಡು ಅಂಗುಲದ್ದು, ಆರಿತು. ಮತ್ತೆ ಹೊತ್ತಿಕೊಳ್ಳಲಿಲ್ಲ. ಕೋಟಿನ ಆ ತೂತಿನೊಳಗೆ ಒದ್ದೆಯಾದದ್ದೇನೋ ಒಮ್ಮೆ ಮಿಟುಕಿತು.