ಅತ್ತೆಯ ಕಿಡ್ನಿ, ಸೊಸೆಯ ಕಾಲು

ಆ ಊರಲ್ಲಿ ಕಾರು ಕಲಿತ ಹೆಂಗಸರನ್ನು ಕೇಳಿದರೆ ಅರ್ಧಕ್ಕರ್ಧ ಮಂದಿ ಬ್ರೇಕ್ ಮೇಡಂ ಹತ್ತಿರ ಕಲಿತೆವು ಅನ್ನುತ್ತಾರೆ. ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಕಲಿಯುವವರ ಕಾಲಡಿ ಒಂದು ಬ್ರೇಕು, ಪಕ್ಕದಲ್ಲಿ ಕೂತು ಕಲಿಸುವವರ ಕಾಲಡಿ ಇನ್ನೊಂದು. ಆ ಎರಡನೆಯ ಬ್ರೇಕಿನ ಮೇಲೆ ವರ್ಷಗಟ್ಟಲೆ ಬಲಗಾಲಿಟ್ಟು ಕೂತು ಅವಳಿಗೊಂದು ಚಾಳಿ ಅಂಟಿಕೊಂಡಿತ್ತು. ಮನೆಯಲ್ಲಿ ಯಾರ ಕೈಯಿಂದಲೋ ಲೋಟ ಜಾರಿದರೆ, ಟಿವಿಯಲ್ಲಿ ಯಾರೋ ಎಡವಿದರೆ, ಯಾರಾದರೂ ಇದ್ದಕ್ಕಿದ್ದಂತೆ ದನಿ ಏರಿಸಿದರೆ ಸಾಕು, ಬಲಗಾಲು ಧಪ್ಪೆಂದು ನೆಲ ಒತ್ತುತ್ತಿತ್ತು. "ಇಲ್ಲಿ ಬ್ರೇಕಿಲ್ಲ ಕಣೆ," ಎಂದು ಗಂಡ ನಗುತ್ತಿದ್ದ. "ನಂಗೂ ಗೊತ್ತು ರೀ. ಕಾಲು ಕೇಳ್ಬೇಕಲ್ಲ," ಅನ್ನುತ್ತಿದ್ದಳು ಅವಳು.

ಅಂಥವಳನ್ನು ಒಂದು ಕೋಣೆಯೊಳಗೆ ಕೂಡಿಹಾಕಿದರೆ ಹೇಗಿರಬೇಡ?

ಎರಡೂ ಕಿಡ್ನಿ ಕೈಕೊಟ್ಟು, ವಾರದಲ್ಲಿ ಮೂರು ದಿನ ಡಯಾಲಿಸಿಸ್ ಯಂತ್ರದ ಪಕ್ಕ ಮಲಗಿ ಅವಳು ಅರ್ಧವಾಗಿದ್ದಳು. ತವರಿನವರು ಒಬ್ಬೊಬ್ಬರೂ ಒಂದೊಂದು ಕಾಯಿಲೆಯ ಹೆಸರು ಹೇಳಿ ಮೆಲ್ಲಗೆ ಹಿಂದೆ ಸರಿದರು. ಗಂಡನ ರಕ್ತದ ಗುಂಪು ಹೊಂದಲಿಲ್ಲ. ಆಗ "ನನ್ನದು ನೋಡಿ" ಎಂದು ಮುಂದೆ ಬಂದವರು ಅತ್ತೆ. ಹುಡುಗಿಯರ ಹಾಸ್ಟೆಲಿನಲ್ಲಿ ವಾರ್ಡನ್ ಆಗಿ ನಿವೃತ್ತರಾದ ಗಟ್ಟಿ ಹೆಂಗಸು. ಎಲ್ಲ ಪರೀಕ್ಷೆಯಲ್ಲೂ ಪಾಸಾದರು. ತಮ್ಮ ಎಡಗಡೆಯ ಕಿಡ್ನಿಯನ್ನು ಸೊಸೆಗೆ ಕೊಟ್ಟು, ಅವಳಿಗಿಂತ ಮೊದಲು ಎದ್ದು ಓಡಾಡಿದರು. ಸೊಸೆಯ ಹೊಟ್ಟೆಯ ಕೆಳಗೆ ಬಲಭಾಗದಲ್ಲಿ ಅದನ್ನು ಕೂರಿಸಿದರು. ಕೂತ ಗಳಿಗೆಯಿಂದಲೇ ಕೆಲಸ ಶುರು ಮಾಡಿತು ಅದು, ಥೇಟ್ ಅತ್ತೆಯ ಹಾಗೆ.

ಆಸ್ಪತ್ರೆಯಿಂದ ಬಂದ ಮೇಲೆ ಶುರುವಾಯಿತು ನೋಡಿ ವಾರ್ಡನ್ನರ ಆಳ್ವಿಕೆ. ಸೋಂಕು ತಗುಲಬಾರದೆಂದು ಡಾಕ್ಟರು ಹೇಳಿದ್ದು ನಾಲ್ಕು ಮಾತು. ಅತ್ತೆ ಅದನ್ನು ನಲವತ್ತು ಮಾಡಿದರು. ಧೂಳು ಬರುತ್ತದೆಂದು ಕಿಟಕಿ ತೆರೆಯುವ ಹಾಗಿಲ್ಲ. ಬಂದವರು ಹೊಸ್ತಿಲ ಆಚೆಯೇ ನಿಲ್ಲಬೇಕು. ಮಗ ಕೂಡ ಕೈ ತೊಳೆದು, ಮಾಸ್ಕ್ ಹಾಕಿ, ಅಪ್ಪಣೆ ಕೇಳಿಯೇ ಹೆಂಡತಿಯ ಹತ್ತಿರ ಹೋಗಬೇಕು. ಅವನೋ ಕನ್ನಡಕದ ಅಂಗಡಿಯವನು. ಊರವರ ಕಣ್ಣೆಲ್ಲ ಸರಿಮಾಡುತ್ತಿದ್ದ ಮಹಾರಾಯನಿಗೆ ಮನೆಯೊಳಗೆ ಹೆಂಡತಿ ಉಸಿರುಗಟ್ಟಿ ಕೂತಿರುವುದು ಕಾಣಿಸುತ್ತಿರಲಿಲ್ಲ.

ಹೊಸ್ತಿಲಲ್ಲಿ ನಿಂತವರೆಲ್ಲ ಕೇಳುತ್ತಿದ್ದದ್ದು ಒಂದೇ ಮಾತು. "ಅತ್ತೆ ಕಿಡ್ನಿ ಹೇಗಿದೆ?" ನೀನು ಹೇಗಿದ್ದೀಯಮ್ಮ ಎಂದು ಕೇಳುವವರೇ ಇಲ್ಲ. ಅವಳು ಬರೀ ಡಬ್ಬಿ, ಒಳಗಿರುವ ಸಾಮಾನು ಅತ್ತೆಯದು. ಅತ್ತೆಯೂ ಅಷ್ಟೇ. "ನನ್ನ ಕಿಡ್ನಿಗೆ ನೀರು ಕೊಟ್ಯಾ? ನನ್ನ ಕಿಡ್ನಿಗೆ ಏನೂ ಆಗಲ್ಲ ಬಿಡಿ, ನಮ್ಮ ವಂಶದಲ್ಲೇ ಯಾರಿಗೂ ಒಂದು ಕಲ್ಲೂ ಬಂದಿಲ್ಲ," ಎಂದು ಎದೆಯುಬ್ಬಿಸಿ ಹೇಳುತ್ತಿದ್ದರು.

ಇನ್ನೊಂದು ವಿಷಯ ಹೇಳದೆ ಕತೆ ಮುಂದೆ ಹೋಗುವುದಿಲ್ಲ. ಕಾಯಿಲೆ ಬೀಳುವ ಮುಂಚೆ ಗಂಡ ಹೆಂಡತಿ ಬೇರೆ ಮನೆ ಮಾಡುವುದೆಂದು ನಿಶ್ಚಯಿಸಿದ್ದರು. ಡ್ರೈವಿಂಗ್ ಶಾಲೆಯ ಮಹಡಿಯ ಮೇಲೆ ಎರಡು ಕೋಣೆ ಖಾಲಿ ಇದ್ದವು. ಯಾವಾಗ ಬೇಕಾದರೂ ಬನ್ನಿ ಎಂದಿದ್ದರು ಶಾಲೆಯ ಯಜಮಾನರು. ಅಲ್ಲಿನ ಕಿಟಕಿ ಅಳೆದು, ಹಸಿರು ಬಟ್ಟೆ ತಂದು, ಅವಳೇ ಪರದೆ ಹೊಲಿದು ಬೀರುವಿನ ತಳದಲ್ಲಿ ಬಚ್ಚಿಟ್ಟಿದ್ದಳು. ಹತ್ತು ಗಂಟೆಗೆ ದೀಪ ಆರಿಸುವ, ಎಲ್ಲಿಗೆ ಹೋದೆ ಯಾಕೆ ತಡವಾಯಿತು ಎಂದು ಬಾಗಿಲಲ್ಲೇ ನಿಲ್ಲಿಸಿ ಕೇಳುವ ಆ ಮನೆ ಅವಳಿಗೆ ಸಾಕಾಗಿಹೋಗಿತ್ತು. ಅತ್ತೆಗೆ ಹೇಳುವ ಧೈರ್ಯ ಕೂಡಿಸಿಕೊಳ್ಳುತ್ತಿರುವಾಗಲೇ ಕಾಯಿಲೆ ಬಂತು. ಈಗ ಹೇಳುವುದು ಯಾವ ಬಾಯಲ್ಲಿ? ಮೈಯೊಳಗಿನ ಅಂಗವನ್ನೇ ಕಿತ್ತುಕೊಟ್ಟವರಿಗೆ, ನಿಮ್ಮ ಜೊತೆ ಇರಲಾರೆ ಅನ್ನುವುದುಂಟೇ? ಋಣ ಅನ್ನುವುದು ಹೊರಗಿದ್ದರೆ ಎಂದಾದರೂ ತೀರಿಸಿ ಕೈ ತೊಳೆದುಕೊಳ್ಳಬಹುದು. ಇದು ಅವಳ ಹೊಟ್ಟೆಯಲ್ಲೇ ಕೂತಿತ್ತು.

ಹೊಲಿಗೆ ಮಾಗಿ, ಇನ್ನು ಕೆಲವು ದಿನದಲ್ಲಿ ಹೊರಗೆ ಅಡ್ಡಾಡಬಹುದು ಅನ್ನುವ ಹೊತ್ತಿಗೆ ಅವಳ ಬಲಗಾಲು ಭಾರವಾಯಿತು. ಮೊದಲು ಪಾದ, ಆಮೇಲೆ ಮೊಣಕಾಲಿನವರೆಗೆ ಊತ. ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು. ಕಿಬ್ಬೊಟ್ಟೆಯಲ್ಲಿ ಏನೋ ತುಂಬಿ ಬಿಗಿದ ಹಾಗೆ. ಗಳಿಗೆಗೊಮ್ಮೆ ಬಚ್ಚಲಿಗೆ ಓಡಬೇಕು, ಹೋದರೆ ನಾಲ್ಕು ಹನಿ. ಹೀಗಾದರೆ ಕೂಡಲೇ ತಿಳಿಸಿ ಎಂದು ಡಾಕ್ಟರು ಸಾರಿ ಸಾರಿ ಹೇಳಿದ್ದರು. ಅವಳು ತುಟಿ ಪಿಟಕ್ಕೆನ್ನಲಿಲ್ಲ. ಉದ್ದ ನೈಟಿ ಹಾಕಿ, ಮೇಲೊಂದು ಹೊದಿಕೆ ಎಳೆದುಕೊಂಡು ಕೂತಳು.

ಬುದ್ಧಿ ಇದೆಯಾ ಇವಳಿಗೆ ಎಂದು ನೀವು ಕೇಳಬಹುದು. ಇತ್ತು, ಬೇಕಾದಷ್ಟಿತ್ತು. ಆದರೆ ಕೂಡಿಹಾಕಿದವರ ಬುದ್ಧಿ ಬಾಗಿಲ ಸುತ್ತಲೇ ತಿರುಗುತ್ತಿರುತ್ತದೆ. ಹೇಳಿದರೆ ಮತ್ತೆ ಆಸ್ಪತ್ರೆ, ಮತ್ತೆ ಮೊದಲಿನಿಂದ ಈ ಕೋಣೆ. ಅದಕ್ಕಿಂತ ಹೆಚ್ಚಾಗಿ, ನಿಮ್ಮ ಕಿಡ್ನಿ ಕೆಟ್ಟಿತು ಎಂದು ಆ ಉಬ್ಬಿದ ಎದೆಗೆ ಹೇಳುವುದು ಹೇಗೆ? ಅದೇನಾದರೂ ಕೈಬಿಟ್ಟರೆ ಮತ್ತೆ ಯಂತ್ರದ ಪಕ್ಕ ಮಲಗಬೇಕಲ್ಲ ಎಂದು ನೆನೆದು ಅವಳಿಗೆ ಹೆದರಿಕೆಯಿಂದ ಊಟ ಸೇರುತ್ತಿರಲಿಲ್ಲ. ಆದರೂ ನಾಳೆ ಇಳಿದೀತು, ನಾಡಿದ್ದು ಇಳಿದೀತು ಎಂದು ದಿನ ದೂಡಿದಳು.

ಒಂದು ಬೆಳಿಗ್ಗೆ ಅವಳ ಕೋಣೆಯ ಬಲ್ಬು ಹೋಯಿತು. ಬದಲಾಯಿಸಲು ಗಂಡ ಸ್ಟೂಲು ಹತ್ತಿದ. ಸ್ಟೂಲಿನ ಒಂದು ಕಾಲು ಕುಂಟು. ಅದು ವಾಲಿ, ಅವನು ಎರಡೂ ಕೈ ಗಾಳಿಯಲ್ಲಿ ಬೀಸಿ, ಬಲ್ಬು ನೆಲಕ್ಕೆ ಬಿದ್ದು ಫಟ್ಟೆಂದು ಒಡೆಯಿತು. ಅಯ್ಯೋ ಎಂದಳು ಹೆಂಡತಿ. ಬಾಗಿಲಲ್ಲಿ ನಿಂತಿದ್ದ ಅತ್ತೆ ಬೀಳುತ್ತಿದ್ದ ಮಗನನ್ನು ನೋಡಲಿಲ್ಲ, ಒಡೆದ ಗಾಜನ್ನೂ ನೋಡಲಿಲ್ಲ. ಸೊಸೆಯ ಹೊದಿಕೆಯನ್ನೇ ನೋಡುತ್ತಿದ್ದರು.

"ಎಲ್ಲೇ ನಿನ್ನ ಬ್ರೇಕು?"

"ಏನತ್ತೆ?"

"ಇವನು ಬೀಳೋದ್ರಲ್ಲಿದ್ದ. ನಿನ್ನ ಕಾಲು ಅಲ್ಲಾಡಲೇ ಇಲ್ಲ. ಎಲ್ಲಿ, ತೋರ್ಸು ಕಾಲು."

ನೂರಾರು ಹುಡುಗಿಯರ ದಿಂಬಿನ ಕೆಳಗೆ ಬಚ್ಚಿಟ್ಟದ್ದನ್ನೆಲ್ಲ ಹೊರಗೆಳೆದ ಕೈ ಅದು. ಹೊದಿಕೆ ಒಂದೇ ಎಳೆತಕ್ಕೆ ಬಂತು. ಬಲಗಾಲು ಎಡಗಾಲಿನ ಎರಡರಷ್ಟಿತ್ತು. ಅತ್ತೆಯ ಮುಖ ಬಿಳಚಿಕೊಂಡಿತು. "ಕಾರು ತೆಗಿಯೋ," ಎಂದರು ಮಗನಿಗೆ, ಅಷ್ಟೇ.

ಆಸ್ಪತ್ರೆಯಲ್ಲಿ ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿ ಸ್ಕ್ಯಾನ್ ಮಾಡಿದರು. ಪರದೆಯಲ್ಲಿ ಕಿಡ್ನಿಯ ಪಕ್ಕ ಕಪ್ಪನೆಯದೊಂದು ಗುಂಡಿ. ಡಾಕ್ಟರಮ್ಮ ಅದನ್ನು ಬೆರಳಿನಿಂದ ತೋರಿಸಿ ಬಿಡಿಸಿ ಹೇಳಿದರು. "ಇದೆಲ್ಲ ನೀರು. ರಕ್ತನಾಳದ ಜೊತೆಜೊತೆಗೇ ತಿಳಿ ರಸ ಹರಿಯೋ ಸಣ್ಣ ಸಣ್ಣ ನಾಳಗಳಿರ್ತವೆ. ಕಿಡ್ನಿ ಜೋಡಿಸುವಾಗ ಅವು ತುಂಡಾಗ್ತವೆ. ಎಷ್ಟೋ ಜನರಲ್ಲಿ ತಾವಾಗೇ ಮುಚ್ಕೊಳ್ತವೆ, ಕೆಲವರಲ್ಲಿ ಸೋರ್ತಾನೇ ಇರ್ತವೆ. ಸೋರಿದ್ದಕ್ಕೆ ಹೋಗೋಕೆ ದಾರಿ ಇಲ್ಲ, ಅಲ್ಲೇ ಕಟ್ಕೊಂಡಿದೆ. ಅದು ಮೂತ್ರದ ನಾಳ ಒತ್ತುತ್ತೆ, ಕಾಲಿನ ರಕ್ತನಾಳನೂ ಒತ್ತುತ್ತೆ. ಇನ್ನೊಂದು ವಾರ ಸುಮ್ಮನಿದ್ದಿದ್ರೆ ಕಿಡ್ನಿಗೇ ಪೆಟ್ಟು ಬೀಳ್ತಿತ್ತು."

"ಹಾಗಾದ್ರೆ ನನ್ನ ಕಿಡ್ನಿ ಕೆಟ್ಟಿಲ್ವಾ?" ಎಂದರು ಅತ್ತೆ.

"ಕಿಡ್ನಿ ಬಂಗಾರದಂಗಿದೆ. ಅಕ್ಕಪಕ್ಕದ ನೀರಿಂದ ತೊಂದರೆ, ಅಷ್ಟೇ."

ಸ್ಕ್ಯಾನಿನಲ್ಲಿ ನೋಡುತ್ತ ನೋಡುತ್ತ ಸೂಜಿ ಚುಚ್ಚಿ ಒಂದಿಷ್ಟು ನೀರು ತೆಗೆದರು. ಮೂತ್ರವೇ ಸೋರುತ್ತಿಲ್ಲ ತಾನೇ, ಕೀವು ಆಗಿಲ್ಲ ತಾನೇ ಎಂದು ಪರೀಕ್ಷೆಗೆ ಕಳಿಸಿದರು. ಎರಡೂ ಅಲ್ಲ ಎಂದು ಬಂತು. ಆಮೇಲೆ ಅದೇ ಜಾಗದಲ್ಲಿ ಸಣ್ಣ ಕೊಳವೆ ಇಟ್ಟು, ಅದರ ತುದಿಗೆ ಚೀಲ ಸಿಕ್ಕಿಸಿದರು. ಕಾಲಿನ ಊತ ನೋಡುತ್ತಿದ್ದಂತೆ ಇಳಿಯತೊಡಗಿತು. ಆದರೆ ಚೀಲ ತುಂಬುವುದು ಮಾತ್ರ ನಿಲ್ಲಲಿಲ್ಲ. ಖಾಲಿ ಮಾಡಿದರೆ ಮತ್ತೆ ತುಂಬುತ್ತಿತ್ತು.

ಮನೆಯ ಕೋಣೆಯಿಂದ ಹೊರಬೀಳಬೇಕೆಂದು ಕಾಲು ಮುಚ್ಚಿಟ್ಟವಳು ಈಗ ಅದಕ್ಕಿಂತ ಚಿಕ್ಕ ಕೋಣೆಯಲ್ಲಿ ಬಿದ್ದಿದ್ದಳು. ಕಿಟಕಿಗೆ ತೆರೆಯುವ ಹಿಡಿಯೇ ಇರಲಿಲ್ಲ. ಗಾಜಿನಾಚೆ ರಸ್ತೆ, ಅದರ ತುಂಬ ಎಲ್ಲಿಗೋ ಹೋಗುವ ಕಾರುಗಳು, ಒಂದರ ಸದ್ದೂ ಒಳಗೆ ಕೇಳದು. ಮಗ್ಗುಲಾದರೆ ಕೊಳವೆ ಜಗ್ಗುತ್ತಿತ್ತು. ಬಚ್ಚಲಿಗೆ ಹೋದರೆ ಚೀಲವೂ ಜೊತೆಗೆ, ಚೀಲದ ಹಿಂದೆ ಅತ್ತೆಯೂ ಜೊತೆಗೆ. "ಸಾಕು ನಿಲ್ಲಿಸೋ, ಎಷ್ಟು ಅಂತ ಸುರೀತೀಯ," ಎಂದು ಅತ್ತೆ ಆ ಚೀಲವನ್ನೇ ಗದರಿಸುತ್ತಿದ್ದರು. ಅವಳು ಗೋಡೆಗೆ ಮುಖ ಮಾಡಿ, ಸದ್ದಾಗದಂತೆ ಅತ್ತಳು.

ಕೊನೆಗೆ ಡಾಕ್ಟರಮ್ಮ ಬಂದು, ಇದು ತಾನಾಗಿ ನಿಲ್ಲುವ ಹಾಗೆ ಕಾಣುವುದಿಲ್ಲ ಎಂದರು. ನೀರು ಕಟ್ಟಿದ ಜಾಗಕ್ಕೂ ಹೊಟ್ಟೆಯ ಒಳಭಾಗಕ್ಕೂ ನಡುವೆ ಒಂದು ತೆಳು ಪೊರೆ ಇರುತ್ತದಂತೆ. ಸಣ್ಣ ತೂತಿನಿಂದ ಕ್ಯಾಮೆರಾ ಹಾಕಿ, ಆ ಪೊರೆಯಲ್ಲೊಂದು ಕಿಂಡಿ ಮಾಡಿದರೆ ನೀರು ಹೊಟ್ಟೆಯೊಳಕ್ಕೆ ಹರಿದು, ಮೈ ಅದನ್ನು ಹೀರಿಕೊಳ್ಳುತ್ತದಂತೆ. ನಾಳೆಯೇ ಮಾಡುವುದೆಂದು ಹೇಳಿ ಹೋದರು.

ಬಾಗಿಲು ಮುಚ್ಚಿಕೊಂಡಿತು. ಅತ್ತೆ ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡರು.

"ಯಾಕೆ ಮುಚ್ಚಿಟ್ಟೆ?"

ಅವಳು ಚಾವಣಿ ನೋಡಿದಳು. ಸುಳ್ಳು ಹೇಳುವ ತ್ರಾಣವೂ ಉಳಿದಿರಲಿಲ್ಲ. "ಹೇಳಿದ್ರೆ ನನ್ನ ಇನ್ನೂ ಕೂಡಿ ಹಾಕ್ತೀರಿ ಅಂತ. ಆಮೇಲೆ ನಿಮ್ಮ ಕಿಡ್ನಿ ಕೆಟ್ಟಿದೆ ಅಂತ ನಿಮಗೆ ಹೇಗೆ ಹೇಳ್ಲಿ? ಅದನ್ನ ಇಟ್ಕೊಂಡು ನಿಮ್ಮೆದುರು ಏನೂ ಹೇಳೋಕಾಗಲ್ಲ ಅತ್ತೆ. ಏನೂ."

ಅತ್ತೆ ಸೆರಗಿನ ಅಂಚನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು.

"ಹಸಿರು ಪರದೆ ಹೊಲಿದಿದ್ದೆಯಲ್ಲ," ಎಂದರು.

ಅವಳು ಚಾವಣಿಯಿಂದ ಕಣ್ಣು ಕಿತ್ತು ಅತ್ತೆಯತ್ತ ತಿರುಗಿದಳು.

"ಬೀರು ಒರೆಸುವಾಗ ಸಿಕ್ತು. ಬಿಡಿಸಿ ನೋಡ್ದೆ. ನಮ್ಮನೆ ಯಾವ ಕಿಟಕಿಗೂ ಆ ಅಳತೆ ಇಲ್ಲ. ಅಷ್ಟು ಗೊತ್ತಾಗಲ್ವಾ ನಂಗೆ? ನಿನಗೆ ಕಾಯಿಲೆ ಬರೋಕೆ ಮುಂಚಿನ ಮಾತು ಇದು."

"ಗೊತ್ತಿದ್ದೂ ಕಿಡ್ನಿ ಕೊಟ್ರಾ?"

"ಗೊತ್ತಿದ್ದಕ್ಕೇ ಕೊಟ್ಟೆ." ಅತ್ತೆಯ ದನಿ ಒಡೆಯಿತು. "ಕೊಟ್ಟರೆ ಹೋಗಲ್ಲ ಅಂದ್ಕೊಂಡೆ. ಸಾಯ್ಬಾರ್ದು ಅಂತಾನೂ ಇತ್ತು, ಸುಳ್ಳು ಹೇಳಲ್ಲ. ಆದ್ರೆ ಇದೂ ಇತ್ತು. ಹಾಸ್ಟೆಲಲ್ಲಿ ಎಲ್ಲರೂ ಪರೀಕ್ಷೆ ಮುಗಿಸಿ ಪೆಟ್ಟಿಗೆ ಎತ್ಕೊಂಡು ಹೋಗೋರೇ. ಒಬ್ಬಳೂ ತಿರುಗಿ ನೋಡ್ಲಿಲ್ಲ. ನೀನೂ ಹೋಗ್ಬಿಡ್ತೀಯ ಅನ್ನಿಸ್ತು."

ಧಡ್ಡೆಂದು ಸದ್ದಾಯಿತು. ಇಬ್ಬರೂ ಬೆಚ್ಚಿಬಿದ್ದರು. ಅವಳ ಬಲಗಾಲು ಮಂಚದ ಕೊನೆಯ ಹಲಗೆಗೆ ಬಡಿದಿತ್ತು. ಚೀಲ ಜೋಲಾಡುತ್ತಿತ್ತು.

ಅವಳಿಗೆ ಬಂದದ್ದು ಸಿಟ್ಟು, ಮೈಯೆಲ್ಲ ಉರಿಯುವಂಥ ಸಿಟ್ಟು. ಇಷ್ಟು ದಿನ ದೇವರೆಂದು ತಲೆ ಬಗ್ಗಿಸಿ, ಒಂದೊಂದು ಗುಟುಕು ನೀರಿಗೂ ಲೆಕ್ಕ ಒಪ್ಪಿಸಿದ್ದು ಇದಕ್ಕಾಗಿಯೇ? ಅದರ ಬೆನ್ನಿಗೇ ಇನ್ನೇನೋ ಸಡಿಲವಾಯಿತು. ದೇವರ ಹತ್ತಿರ ಜಗಳ ಆಡಲು ಬರುವುದಿಲ್ಲ, ಅತ್ತೆಯ ಹತ್ತಿರ ಬರುತ್ತದೆ. "ನಿಮಗೆ ನಾಚಿಕೆ ಆಗಲ್ವಾ?" ಎಂದಳು, ಮದುವೆಯಾದ ಮೇಲೆ ಮೊದಲ ಸಲ.

"ಆಗ್ತಿದೆ," ಎಂದರು ಅತ್ತೆ. ಆಮೇಲೆ ಮೂಗು ಒರೆಸಿಕೊಂಡು ಅವಳ ಪಾದ ಹಿಡಿದು ನೋಡಿದರು. "ಬಂತು ನೋಡು ಬ್ರೇಕು," ಎಂದು ಅಳುತ್ತಳುತ್ತಲೇ ನಕ್ಕರು. ಅವಳು ನಗಲಿಲ್ಲ. ಕಾಲನ್ನೂ ಎಳೆದುಕೊಳ್ಳಲಿಲ್ಲ.

ಮರುದಿನ ಕಿಂಡಿ ಮಾಡಿದರು. ಮತ್ತೆ ಸ್ಕ್ಯಾನ್ ಮಾಡಿದಾಗ ಆ ಕಪ್ಪು ಗುಂಡಿ ಕರಗಿ ಒಂದು ಗೆರೆಯಷ್ಟಾಗಿತ್ತು. ಕೊಳವೆ ತೆಗೆದರು. ಮನೆಗೆ ಕಳಿಸುವ ದಿನ ಅತ್ತೆ ಒಂದು ಕೈಚೀಲ ತಂದು ಮಂಚದ ಮೇಲಿಟ್ಟರು. ಒಳಗೆ ಹಸಿರು ಪರದೆಗಳು, ಮಡಿಕೆ ಮುರಿಯದಂತೆ ಇಸ್ತ್ರಿ ಮಾಡಿದ್ದವು.

"ಬಿಸಿನೀರಲ್ಲಿ ಒಗೆದಿದೀನಿ. ಧೂಳಿದ್ರೆ ನಿನಗೆ ಆಗಲ್ಲ," ಎಂದರು. ಅವಳ ಮುಖ ನೋಡದೆ ಔಷಧಿ ಜೋಡಿಸತೊಡಗಿದರು.

ಡ್ರೈವಿಂಗ್ ಶಾಲೆಯ ಯಜಮಾನರು ಅವಳು ಕಲಿಸುತ್ತಿದ್ದ ಕಾರನ್ನೇ ಕಳಿಸಿದ್ದರು. ಗಂಡ ಓಡಿಸಲು ಕೂತ. ಅವಳು ಪಕ್ಕದಲ್ಲಿ, ತನ್ನ ಹಳೆಯ ಜಾಗದಲ್ಲಿ ಕೂತಳು. ಕಾಲಡಿ ಅದೇ ಎರಡನೆಯ ಬ್ರೇಕು. ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಹಿಂದೆ ಅತ್ತೆ ಒಬ್ಬರೇ. ನಾಲ್ಕು ರಸ್ತೆ ಕೂಡುವಲ್ಲಿ ಕಾರು ನಿಂತಿತು. ಎಡಕ್ಕೆ ತಿರುಗಿದರೆ ಅತ್ತೆಯ ಮನೆ, ಬಲಕ್ಕೆ ಡ್ರೈವಿಂಗ್ ಶಾಲೆ. ಗಂಡ ಹಿಂದಕ್ಕೂ ನೋಡಲಾರದೆ ಪಕ್ಕಕ್ಕೂ ನೋಡಲಾರದೆ ನೇರ ಮುಂದೆ ನೋಡುತ್ತಿದ್ದ.

"ಬಲಕ್ಕೆ ರೀ," ಎಂದಳು ಅವಳು.

ಕಾರು ಬಲಕ್ಕೆ ಹೊರಳಿತು. ಹಿಂದಿನ ಸೀಟಿನಿಂದ ಧಪ್ಪೆಂದು ಸದ್ದು ಬಂತು, ನೆಲಕ್ಕೆ ಕಾಲು ಬಡಿದ ಸದ್ದು.

ಅವಳ ಬಲಗಾಲ ಕೆಳಗೆ ನಿಜವಾದ ಬ್ರೇಕಿತ್ತು. ಪಾದ ಅದರ ಮೇಲೇ ಇತ್ತು. ಒತ್ತಲಿಲ್ಲ. ಹೊಟ್ಟೆಯ ಬಲಭಾಗದ ಮೇಲೆ ಕೈಯಿಟ್ಟುಕೊಂಡು, ತಿರುಗಿ ನೋಡದೆ ಹೇಳಿದಳು:

"ಅತ್ತೆ, ಅಲ್ಲಿ ಬ್ರೇಕಿಲ್ಲ."

"ಗೊತ್ತು ಕಣೆ," ಎಂದರು ಅತ್ತೆ. "ಕಾಲು ಕೇಳ್ಬೇಕಲ್ಲ."